ಗೋಡೆಯ ಒಳಹೊಲಿಗೆ

ಬಾಡಿಗೆ ಮನೆಯಲ್ಲಿ ಬಾಳಿದವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿರುತ್ತದೆ: "ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ!"

ನಮ್ಮ ಕಥೆಯ ಟೇಲರ್ ಹುಟ್ಟಿದ್ದು ಬಾಡಿಗೆ ಮನೆಯಲ್ಲಿ, ಬೆಳೆದದ್ದು ಬಾಡಿಗೆ ಮನೆಯಲ್ಲಿ, ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದೂ ಬಾಡಿಗೆ ಮನೆಗೇ. ಹಿಂದೆ ಇದ್ದವರು ಯಾರೋ ಕದ್ದುಮುಚ್ಚಿ ಹೊಡೆದುಹೋದ ಒಂದು ಮೊಳೆ ಸಿಕ್ಕಿದರೆ ಅದೇ ದೊಡ್ಡ ಭಾಗ್ಯ. ಕ್ಯಾಲೆಂಡರ್, ಕನ್ನಡಿ, ಕೊಡೆ, ಬೀಗದ ಕೈ ಎಲ್ಲವೂ ಆ ಒಂದೇ ಮೊಳೆಗೆ ಜೋತುಬಿದ್ದಿರುತ್ತಿದ್ದವು. ತಲೆ ಬಾಚಬೇಕೆಂದರೆ ಕ್ಯಾಲೆಂಡರ್ ಎತ್ತಿ ಹಿಡಿಯಬೇಕಿತ್ತು.

ಅಂಥವನು ಕೊನೆಗೂ ಸ್ವಂತ ಮನೆ ಕೊಂಡ. ಹೊಸದಾಗಿ ಕಟ್ಟಿದ್ದಲ್ಲ, ಬೇರೆಯವರು ಇದ್ದು ಬಿಟ್ಟುಹೋದ ಸಣ್ಣ ಮನೆ. ಸಾಲು ಮನೆಗಳ ನಡುವೆ ಒಂದು ನಡುಮನೆ, ಎರಡು ರೂಮು, ಒಂದು ಅಡುಗೆಮನೆ, ಮುಂದೆ ಕೈಯಗಲದ ಅಂಗಳ. ಬೀಗ ತೆಗೆದು ಒಳಗೆ ಬಂದವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಗೋಡೆಯನ್ನು ಸವರಿದ್ದು. "ಇನ್ನು ಇದಕ್ಕೆ ಎಷ್ಟು ಮೊಳೆ ಬೇಕಾದ್ರೂ ಹೊಡೀಬಹುದು ಕಣೇ!" ಎಂದು ಹೆಂಡತಿಗೆ ಹೇಳಿದ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತು ಅಳೆದು ಆಡುವವಳು. "ಮೊದಲು ಅಡುಗೆಮನೇಲಿ ಸೌಟು ನೇತುಹಾಕೋಕೆ ಒಂದು ಕೊಕ್ಕೆ ಹಲಗೆ ಹಾಕಿಕೊಡಿ. ಮಿಕ್ಕಿದ್ದು ಆಮೇಲೆ," ಎಂದಳು.

ಟೇಲರನ ಕೈಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನಿಗೆ ಸೊಟ್ಟಗಿದ್ದದ್ದು ಕಂಡರೆ ಆಗದು. ಗುಂಡಿ ಒಂದು ಕೂದಲಷ್ಟು ಪಕ್ಕಕ್ಕೆ ಸರಿದರೂ ಬಿಚ್ಚಿ ಹೊಲಿಯುತ್ತಾನೆ. ಇನ್ನೊಂದು, ಕಣ್ಣಿಗೆ ಚೆನ್ನಾಗಿ ಕಾಣದ್ದನ್ನು ಮುಚ್ಚಿಬಿಡುತ್ತಾನೆ. ಮನೆಗೆ ಬಂದ ವಾರದಲ್ಲೇ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ನೆರಿಗೆ ನೆರಿಗೆಯಾಗಿ ಒಂದು ಪುಟ್ಟ ಪರದೆ ಹೊಲಿದು ಹಾಕಿದ. ಅಂಗಳದಲ್ಲಿ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ ಒಂದಿತ್ತು. ಅದರ ಮೇಲೆ ಸಿಮೆಂಟಿನ ತೊಟ್ಟಿ ಇಟ್ಟು, ಮಣ್ಣು ತುಂಬಿ, ಹೂವಿನ ಗಿಡ ನೆಟ್ಟ. ಬಂದವರೆಲ್ಲ ಆಹಾ ಎಂದರು. ಟೇಲರ್ ಉಬ್ಬಿಹೋದ.

ಕೊಕ್ಕೆ ಹಲಗೆಗೆ ಡ್ರಿಲ್ ಬೇಕಲ್ಲ? ಮೂಲೆಮನೆಗೆ ಹೋದ. ಅಲ್ಲಿರುವವಳು ಶಾಲೆ ಮಕ್ಕಳ ವ್ಯಾನ್ ಓಡಿಸುವ ಹೆಂಗಸು. ಬೀದಿಗೆಲ್ಲ ಅವಳು ವ್ಯಾನಕ್ಕ. ಅವಳೂ ಕೆಲವು ವರ್ಷದ ಹಿಂದೆ ಸ್ವಂತ ಮನೆ ಕೊಂಡವಳೇ, ತನ್ನ ಮನೆಯ ಸಣ್ಣಪುಟ್ಟ ಕೆಲಸ ತಾನೇ ಮಾಡಿಕೊಳ್ಳುವವಳು.

"ಡ್ರಿಲ್ ತಗೊಂಡು ಹೋಗಿ ಟೇಲರಣ್ಣ. ಆದ್ರೆ ಕೊರೆಯೋ ಜಾಗದ ಹಿಂದೆ ಏನಿದೆ ಅಂತ ನೋಡ್ಕೊಂಡ್ರಾ?"

"ಹಿಂದೆ ನಮ್ಮಮ್ಮನ ರೂಮು ಇದೆ ಅಕ್ಕ."

"ಅದಲ್ಲ ಮಾರಾಯರೇ, ಗೋಡೆ ಒಳಗೆ?"

"ಗೋಡೆ ಒಳಗೆ ಇಟ್ಟಿಗೆ ಇರುತ್ತೆ. ಇನ್ನೇನು, ಗೋಡೆ ಒಳಗೆ ಯಾರಾದ್ರೂ ಸಂಸಾರ ಮಾಡ್ತಾರಾ?" ಎಂದು ಟೇಲರ್ ನಕ್ಕ.

ಅವಳು ಇನ್ನೂ ಏನೋ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ವ್ಯಾನಿನಲ್ಲಿದ್ದ ಮಕ್ಕಳು ಹಾರ್ನ್ ಒತ್ತಿ ಒತ್ತಿ ಬೀದಿಯನ್ನೇ ತಲೆ ಮೇಲೆ ಹೊತ್ತರು. "ಬಂದ್ಮೇಲೆ ಹೇಳ್ತೀನಿ, ಅಲ್ಲೀವರೆಗೂ ಕೊರೀಬೇಡಿ!" ಎಂದು ಕೂಗಿ ಹೊರಟಳು. ಟೇಲರನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಅಡುಗೆಮನೆಯ ಗೋಡೆಯಲ್ಲಿ ಪಾತ್ರೆ ತೊಳೆಯುವ ನಲ್ಲಿ ಇತ್ತು. ಹಲಗೆ ಅದರ ಮೇಲೆಯೇ ಬರಬೇಕು, ಅದೂ ನಟ್ಟನಡುವೆ. ಟೇಲರ್ ದಾರದ ತುದಿಗೆ ಕತ್ತರಿ ಕಟ್ಟಿ ಮೇಲಿನಿಂದ ಇಳಿಬಿಟ್ಟ. ಕತ್ತರಿಯ ತುದಿ ನಲ್ಲಿಯ ಮೂಗಿನ ಮೇಲೆ ಸರಿಯಾಗಿ ನಿಂತಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಆ ದಾರದ ನೇರಕ್ಕೆ ಗೆರೆ ಎಳೆದ. ಹಲಗೆಗೆ ಎಡಕ್ಕೊಂದು ಸ್ಕ್ರೂ, ಬಲಕ್ಕೊಂದು ಸ್ಕ್ರೂ, ಗೆರೆಯ ಮೇಲೆ ನಡುವಿಗೊಂದು. ನಡುವಿನದು ಗಟ್ಟಿಯಾಗಿರಲಿ ಎಂದು ಬೆರಳುದ್ದದ ಸ್ಕ್ರೂ ಹಾಕಿದ. ತೂತು ಚಿಕ್ಕದಾಯಿತು, ಸ್ಕ್ರೂ ಉದ್ದವಾಯಿತು, ಕೊನೆಯ ಎರಡು ಸುತ್ತನ್ನು ಹಲ್ಲು ಕಚ್ಚಿ ತಿರುಗಿಸಬೇಕಾಯಿತು. ಆದರೂ ಕೂತಿತು. ಸೌಟುಗಳೆಲ್ಲ ಸಾಲಾಗಿ ತೂಗಿದವು. ಹೆಂಡತಿ ಹಿಂದೆ ಸರಿದು ನಿಂತು ನೋಡಿ, "ಪರವಾಗಿಲ್ಲ ರೀ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಬಿರುದು.

ಗೊಂದಲ ಶುರುವಾದದ್ದು ಆಮೇಲೆ, ಅದೂ ಗೋಡೆಯ ಆಚೆ ಬದಿಗೆ.

"ಮಗಾ, ನನ್ನ ಮಂಚದ ಹತ್ರ ಗೋಡೆ ತಣ್ಣಗಿದೆ ಕಣೋ," ಎಂದಳು ಅಮ್ಮ ಒಂದು ಬೆಳಿಗ್ಗೆ.

ಟೇಲರ್ ಹೋಗಿ ನೋಡಿದ. ಮಂಚದ ತಲೆಯ ಕಡೆ, ದೀಪದ ಸ್ವಿಚ್ಚಿನ ಕೆಳಗೆ, ಅಂಗೈಯಷ್ಟು ಜಾಗ ಕಪ್ಪಾಗಿತ್ತು. ಮಳೆ ಬಂದು ಎಷ್ಟೋ ಕಾಲವಾಗಿತ್ತು. ಒರೆಸಿದ, ಒಣಗಿಸಿದ, ಉಳಿದಿದ್ದ ಬಣ್ಣ ಬಳಿದ. ಕೆಲವು ದಿನಕ್ಕೆ ಬಣ್ಣ ಗುಳ್ಳೆ ಎದ್ದು ಉದುರಿತು. ಅಂಗೈಯಷ್ಟಿದ್ದ ಕಲೆ ಈಗ ಊಟದ ತಟ್ಟೆಯಷ್ಟಾಗಿತ್ತು.

ಬಣ್ಣದ ಅಂಗಡಿಯವನನ್ನು ಕೇಳಿದ. "ಹಳೇ ಗೋಡೆ ಬೆವರುತ್ತೆ ಸಾರ್. ಈ ಡಬ್ಬ ತಗೊಂಡು ಹೋಗಿ, ನೀರು ಹತ್ರಾನೂ ಸುಳಿಯಲ್ಲ," ಎಂದು ಒಂದು ಡಬ್ಬ ಕೈಗಿಟ್ಟ. ಟೇಲರ್ ಅದನ್ನೂ ಬಳಿದ. ಕಲೆ ಆ ಬಣ್ಣದ ಅಂಚಿನವರೆಗೆ ಹೋಗಿ, ಸುತ್ತು ಹಾಕಿಕೊಂಡು ಆಚೆಯಿಂದ ಬಂತು. ಫೋನಿನಲ್ಲಿ ಭಾವಮೈದನನ್ನು ಕೇಳಿದ. ಭಾವಮೈದ ಮನೆ ಕಟ್ಟಿದವನಲ್ಲ, ಕಟ್ಟಿಸಿದವನೂ ಅಲ್ಲ, ಆದರೆ ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. "ಮರಳಲ್ಲಿ ಉಪ್ಪು ಇರುತ್ತೆ ಭಾವ. ಅದು ಗಾಳಿಯಿಂದ ನೀರು ಎಳೆಯುತ್ತೆ. ಫ್ಯಾನ್ ಹಾಕಿಡಿ," ಎಂದ. ಹಗಲೆಲ್ಲ ಫ್ಯಾನ್ ಓಡಿತು. ಅಮ್ಮನಿಗೆ ನೆಗಡಿಯಾಯಿತು, ಗೋಡೆಗೆ ಏನೂ ಆಗಲಿಲ್ಲ.

ಟೇಲರನಿಗೆ ತಲೆಬುಡ ತಿಳಿಯದಂತಾಯಿತು. ತಾರಸಿ ಹತ್ತಿ ನೋಡಿದ, ಬಿರುಕಿಲ್ಲ. ಅಡುಗೆಮನೆಯ ಕಡೆಯಿಂದ ನೋಡಿದ, ಟೈಲ್ಸ್ ಗರಿಗರಿ ಒಣಗಿತ್ತು. ಮೇಲೂ ಇಲ್ಲ, ಹಿಂದೆಯೂ ಇಲ್ಲ, ಮಧ್ಯದಲ್ಲಿ ಮಾತ್ರ ನೀರು! ಅಂಗಡಿಯಲ್ಲಿ ಹೊಲಿಯುತ್ತ ಕೂತರೂ ಅದೇ ಯೋಚನೆ. ಒಂದು ಷರ್ಟಿಗೆ ಎರಡೂ ಎಡದ ತೋಳು ಹೊಲಿದಿಟ್ಟ.

ತಲೆ ಕೆಟ್ಟವನಿಗೆ ಯಾರ ಮೇಲಾದರೂ ಅನುಮಾನ ಬರಬೇಕಲ್ಲ. ಅದು ಅಮ್ಮನ ಮೇಲೆ ಬಂತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳ ನೀರಿನ ಚೊಂಬು ಇರುತ್ತಿತ್ತು.

"ಅಮ್ಮಾ, ನೀರು ಕುಡಿಯೋವಾಗ ಗೋಡೆಗೆ ಚೆಲ್ತೀಯಾ?"

"ನಾನ್ಯಾಕೆ ಚೆಲ್ಲಲಿ?"

"ಕೈ ನಡುಗುತ್ತಲ್ಲ, ನಿನಗೆ ಗೊತ್ತಾಗಲ್ಲ ಅಷ್ಟೆ." ಹೀಗೆಂದು ಚೊಂಬನ್ನು ಎತ್ತಿ ಅಡುಗೆಮನೆಯಲ್ಲಿಟ್ಟ.

ಅಮ್ಮನಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು, ಅದನ್ನು ಮೆಲ್ಲಗೆ ಹೇಳಿದಳು. "ಮಂಚದಿಂದ ಏಳೋವಾಗ ಗೋಡೆಗೆ ಕೈ ಊರಿದ್ರೆ ಜುಮ್ ಅನ್ನುತ್ತೆ ಕಣೋ. ಚುರುಕ್ ಅಂತ ಹಿಡಿಯುತ್ತೆ."

"ವಯಸ್ಸಾಯ್ತಲ್ಲಮ್ಮ, ನರ ಜುಮ್ ಅನ್ನೋದು ಇದ್ದದ್ದೇ. ನಾನು ಅದೇ ಗೋಡೆಗೆ ಎಷ್ಟು ಸಲ ಬಣ್ಣ ಬಳಿದೆ. ನನಗೇನಾಯ್ತು?"

ಆ ಮಾತು ಸುಳ್ಳಲ್ಲ, ಅವನಿಗೆ ಏನೂ ಆಗಿರಲಿಲ್ಲ. ಅಲ್ಲಿಗೆ ಅವನ ಮನಸ್ಸು ಹಗುರಾಯಿತು. ಅಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಗೋಡೆಗೆ ಕೈ ಊರುವುದನ್ನು ಬಿಟ್ಟು, ಮಂಚದ ಕಾಲು ಹಿಡಿದು ಕಷ್ಟಪಟ್ಟು ಏಳತೊಡಗಿದಳು. ಸ್ವಂತ ಮನೆಯಲ್ಲಿ ಮಗ ತೋರಿಸಿದ ರೂಮು, ಅದರ ಗೋಡೆಗೇ ಹೆದರಿ ಬದುಕುವ ಹಾಗಾಯಿತು ಅವಳ ಪಾಡು. ಟೇಲರನಿಗೆ ಅದು ಕಾಣಲಿಲ್ಲ. ಅವನ ಕಣ್ಣೆಲ್ಲ ಕಲೆಯ ಮೇಲಿತ್ತು.

ಒಂದು ಭಾನುವಾರ ಅಮ್ಮ ಸೊಸೆಯ ಹತ್ತಿರ ಗುಟ್ಟಾಗಿ ಕೇಳಿದಳು, "ನಿಮ್ಮಂಗಡೀಲಿ ಜುಮ್ ಅನ್ನೋದಕ್ಕೆ ಮಾತ್ರೆ ಸಿಗುತ್ತೇನಮ್ಮ?"

"ಯಾವಾಗ ಜುಮ್ ಅನ್ನುತ್ತೆ ಅತ್ತೆ?"

"ಗೋಡೆ ಮುಟ್ಟಿದಾಗ."

"ಬೇರೆ ಹೊತ್ತಿನಲ್ಲಿ?"

"ಇಲ್ಲ."

"ಬೇರೆ ಗೋಡೆ ಮುಟ್ಟಿದ್ರೆ?"

"ಇಲ್ಲಮ್ಮ, ಆ ಒಂದೇ ಗೋಡೆ."

ಸೊಸೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ರೀ, ಇಲ್ಲಿ ಬನ್ನಿ! ಅತ್ತೆಗೆ ಆಗ್ತಿರೋದು ನರದ್ದಲ್ಲ. ನರಕ್ಕೆ ಯಾವ ಗೋಡೆ ಅಂತ ಹೇಗೆ ಗೊತ್ತಾಗುತ್ತೆ? ಅದು ಗೋಡೇದೇ!"

ಟೇಲರ್ ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದ. "ನೀನೂ ಶುರು ಮಾಡ್ದೆಯಾ? ನೋಡಿಲ್ಲಿ, ನಾನು ಮುಟ್ಟಿ ತೋರಿಸ್ತೀನಿ," ಎಂದವನೇ ಒದ್ದೆ ಕಾಲಲ್ಲಿ ಹೋಗಿ ಅಂಗೈಯನ್ನು ಗೋಡೆಗೆ ಒತ್ತಿದ. ಒತ್ತಿದ್ದಷ್ಟೇ. ಮೊಣಕೈವರೆಗೆ ಯಾರೋ ಸೂಜಿ ಚುಚ್ಚಿದಂತಾಗಿ, ಕೈ ತಾನಾಗಿಯೇ ಹಿಂದಕ್ಕೆ ಹಾರಿತು. ಬಣ್ಣ ಬಳಿಯುವಾಗೆಲ್ಲ ರಬ್ಬರ್ ಚಪ್ಪಲಿ ಹಾಕಿದ್ದ, ಅಮ್ಮ ಮಾತ್ರ ಬರಿಗಾಲಲ್ಲಿ ಏಳುತ್ತಿದ್ದಳು ಎನ್ನುವುದು ಆ ಕ್ಷಣದಲ್ಲಿ ಅವನಿಗೆ ಹೊಳೆಯಿತು. ಇಷ್ಟು ದಿನ ಅಮ್ಮ ಸಾವಿನ ಪಕ್ಕದಲ್ಲಿ ಮಲಗಿ ಎದ್ದಿದ್ದಳು, ಅವನು ಅವಳ ಚೊಂಬು ಕಿತ್ತುಕೊಂಡಿದ್ದ.

ಹೆಂಡತಿ ಅಷ್ಟರಲ್ಲಿ ಅತ್ತೆಯನ್ನು ಹೊರಗೆ ಕೂರಿಸಿ, ಮೂಲೆಮನೆಗೆ ಓಡಿ ವ್ಯಾನಕ್ಕನನ್ನು ಕರೆತಂದಿದ್ದಳು. ವ್ಯಾನಕ್ಕ ಹೊಸ್ತಿಲಲ್ಲೇ ನಿಂತು ಕೇಳಿದಳು, "ಮೇನ್ ಸ್ವಿಚ್ ಆಫ್ ಮಾಡಿದ್ರಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಎಲ್ಲಿದೆ ಅದು?"

"ಇಲ್ಲೇ ಎಲ್ಲೋ..." ಟೇಲರ್ ತಬ್ಬಿಬ್ಬಾದ. ಪರದೆ ಹೊಲಿದವನಿಗೇ ಪರದೆಯ ಹಿಂದೆ ಏನಿದೆ ಎನ್ನುವುದು ಮರೆತುಹೋಗಿತ್ತು. ಹೆಂಡತಿ ನೆನಪಿಸಿದಳು. ವ್ಯಾನಕ್ಕ ಚಪ್ಪಲಿ ಹಾಕಿಕೊಂಡೇ ಬಂದು, ಕೈ ಒರೆಸಿಕೊಂಡು, ಪರದೆ ಸರಿಸಿ ಸ್ವಿಚ್ ಕೆಳಗಿಳಿಸಿದಳು. ಫ್ಯಾನ್ ನಿಂತಿತು. "ಇನ್ನು ಎಲೆಕ್ಟ್ರಿಷಿಯನ್ ಬಂದು ನೋಡೋವರೆಗೂ ಇದನ್ನ ಯಾರೂ ಮೇಲೆ ಎತ್ತಬಾರದು. ಮತ್ತೆ ಟೇಲರಣ್ಣ, ಕರೆಂಟ್ ಹೊಡೆಯುತ್ತಾ ಅಂತ ಕೈಯಿಟ್ಟು ನೋಡೋದಾ? ಇಸ್ತ್ರಿ ಕಾದಿದೆಯಾ ಅಂತ ಕೆನ್ನೆಗೆ ಒತ್ತಿಕೊಂಡು ನೋಡ್ತೀರಾ ನೀವು?"

ಟೇಲರ್ ಹೋಗಿ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡ.

"ಸರಿ, ಕರೆಂಟ್ ಗೋಡೆಗೆ ಬಂದಿರೋದು ನೀರಿನಿಂದ. ನೀರು ಎಲ್ಲಿಂದ?" ಅವಳಿಗೂ ಗೊತ್ತಿರಲಿಲ್ಲ, ಗೊತ್ತಿದೆ ಎಂದು ನಟಿಸಲೂ ಇಲ್ಲ. "ಬಚ್ಚಲಿಂದ ಇರಬಹುದು" ಎಂದಳು. ಹೋಗಿ ನೋಡಿದರೆ ಬಚ್ಚಲು ಮನೆಯ ಇನ್ನೊಂದು ತುದಿಗಿತ್ತು, ಗೋಡೆ ಒಣಗಿತ್ತು. "ಹಾಗಾದ್ರೆ ಒಂದು ಕೆಲಸ ಮಾಡೋಣ. ಮನೇಲಿರೋ ಎಲ್ಲ ನಲ್ಲಿ ನಿಲ್ಲಿಸಿ."

ನಿಲ್ಲಿಸಿದರು. ಎಲ್ಲರೂ ಗೇಟಿನ ಪಕ್ಕದ ನೀರಿನ ಮೀಟರಿನ ಮುಂದೆ ಬಗ್ಗಿ ನಿಂತರು. ಆ ಮನೆಗೆ ಮೇಲೆ ಟ್ಯಾಂಕ್ ಇರಲಿಲ್ಲ, ಬೀದಿಯ ನೀರೇ ಮೀಟರ್ ದಾಟಿ ನೇರ ನಲ್ಲಿಗಳಿಗೆ ಬರುತ್ತಿತ್ತು. ಎಲ್ಲ ನಲ್ಲಿ ನಿಂತಮೇಲೆ ಅದರೊಳಗಿನ ಪುಟ್ಟ ಚಕ್ರವೂ ನಿಲ್ಲಬೇಕು. ಅದು ನಿಂತಿರಲಿಲ್ಲ. ಆತುರವಿಲ್ಲದೆ, ಮೆಲ್ಲಗೆ, ತಿರುಗುತ್ತಲೇ ಇತ್ತು.

"ಯಾರೂ ನೀರು ಬಿಟ್ಟಿಲ್ಲ, ಆದ್ರೂ ನೀರು ಹೋಗ್ತಿದೆ. ಅಂದ್ರೆ ಪೈಪ್ ಎಲ್ಲೋ ಸೋರ್ತಿದೆ," ಎಂದಳು ವ್ಯಾನಕ್ಕ. ಅಡುಗೆಮನೆಗೆ ಬಂದಳು. ನಲ್ಲಿ ನೋಡಿದಳು. ಕತ್ತೆತ್ತಿ ಕೊಕ್ಕೆ ಹಲಗೆ ನೋಡಿದಳು. ಮತ್ತೆ ನಲ್ಲಿ ನೋಡಿದಳು. "ಟೇಲರಣ್ಣ, ಈ ನಡುವಿನ ಸ್ಕ್ರೂ ಎಷ್ಟುದ್ದ ಇದೆ?"

ಟೇಲರನಿಗೆ ಚುಚ್ಚಿದಂತಾಯಿತು. "ಅಕ್ಕಾ, ನನ್ನ ಕೆಲಸದ ಮೇಲೆ ಮಾತ್ರ ಅನುಮಾನ ಪಡಬೇಡಿ. ಇಷ್ಟು ನೇರವಾಗಿ ಯಾರು ಹಾಕ್ತಾರೆ? ಅಲ್ಲದೆ ಇಲ್ಲಿ ಒಂದು ಹನಿ ನೀರಿಲ್ಲ. ನೋಡಿ, ಈಗ್ಲೇ ಬಿಚ್ಚಿ ತೋರಿಸ್ತೀನಿ!"

"ಅಯ್ಯೋ, ನಿಲ್ಲಿ! ಮೊದಲು ಮನೆಗೆ ಬರೋ ನೀರು ನಿಲ್ಲಿಸಿ..."

ಕೇಳುವವರು ಯಾರು? ಟೇಲರ್ ಸೌಟುಗಳನ್ನು ಇಳಿಸಿ, ಮೂರೂ ಸ್ಕ್ರೂ ತಿರುಗಿಸಿ, ಹಲಗೆ ಎಳೆದ. ನಡುವಿನ ತೂತಿನಿಂದ ನೀರು ಚಿಮ್ಮಿ ನೇರ ಅವನ ಹಣೆಗೆ ಹೊಡೆಯಿತು. ಅಂಗೈಯಿಂದ ಒತ್ತಿ ಹಿಡಿದ. ಬೆರಳ ಸಂದಿಯಿಂದ ಐದು ಕಡೆಗೆ ಹಾರಿತು. ಹೆಂಡತಿ ಟವೆಲ್ ತಂದಳು, ಬಕೆಟ್ ತಂದಳು. ನೀರು ಅಡುಗೆಮನೆ ದಾಟಿ ನಡುಮನೆಗೆ ಹೊರಟಿತು.

"ನೀರು ನಿಲ್ಲಿಸೋ ವಾಲ್ವ್ ಎಲ್ಲಿದೆ?" ವ್ಯಾನಕ್ಕ ಕೂಗಿದಳು.

"ವಾಲ್ವಾ? ಹಾಗಂದ್ರೆ?"

"ಇಡೀ ಮನೆಯ ನೀರು ನಿಲ್ಲಿಸೋ ತಿರುಗಣೆ!"

ಟೇಲರ್ ಒತ್ತಿ ಹಿಡಿದಲ್ಲಿಂದಲೇ ಕಣ್ಣು ಕಣ್ಣು ಬಿಟ್ಟ. ಹೆಂಡತಿ ಸಿಂಕಿನ ಕೆಳಗೆ ಹುಡುಕಿದಳು, ಬಚ್ಚಲಲ್ಲಿ ಹುಡುಕಿದಳು. ವ್ಯಾನಕ್ಕ ಮೀಟರಿನ ಸುತ್ತ ಹುಡುಕಿದಳು. ಹುಡುಕುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಸ್ವಂತ ಮನೆಯಲ್ಲಿ ಒಂದು ತಿರುಗಣೆ ಎಲ್ಲಿದೆಯೆಂದು ಮನೆಯ ಯಜಮಾನನಿಗೇ ಗೊತ್ತಿಲ್ಲ!

ಅಂಗಳದ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು. "ನನ್ನನ್ನ ಯಾರಾದ್ರೂ ಕೇಳ್ತೀರಾ?" ಎಂದಳು.

ಎಲ್ಲರೂ ನಿಂತರು.

"ಆ ಹೂವಿನ ತೊಟ್ಟಿ ಕೆಳಗೆ ಕಬ್ಬಿಣದ ಮುಚ್ಚಳ ಇದೆ. ತೊಟ್ಟಿ ಇಡೋ ದಿನವೇ ಹೇಳ್ದೆ, ಮಗಾ, ಮುಚ್ಚಳ ಅಂದಮೇಲೆ ಕೆಳಗೆ ಏನೋ ಇರುತ್ತೆ, ಮುಚ್ಚಬೇಡ ಅಂತ. ಚೆನ್ನಾಗಿ ಕಾಣಲ್ಲಮ್ಮ ಅಂದ."

ಇಬ್ಬರು ಹೆಂಗಸರು ಆ ತೊಟ್ಟಿಯನ್ನು ತಳ್ಳಿದ ಕಷ್ಟ ಅವರಿಗೇ ಗೊತ್ತು. ಗಿಡ ವಾಲಿತು, ಮಣ್ಣು ಚೆಲ್ಲಿತು, ಮುಚ್ಚಳ ಕಂಡಿತು. ಅದರ ಕೆಳಗೆ ಸಣ್ಣ ಗುಂಡಿಯಲ್ಲಿ ವಾಲ್ವ್ ಇತ್ತು. ತುಕ್ಕು ಹಿಡಿದಿದ್ದರಿಂದ ಅದು ಮೊದಲು ಜಗ್ಗಲಿಲ್ಲ. ಬಟ್ಟೆ ಸುತ್ತಿ ಹಿಡಿದು ತಿರುಗಿಸಿದಾಗ ಕಿರ್ ಎಂದು ಅಲುಗಿತು. ಒಳಗೆ ಟೇಲರನ ಅಂಗೈಗೆ ಒತ್ತುತ್ತಿದ್ದ ನೀರು ಸಣ್ಣಗಾಯಿತು, ತೊಟ್ಟಿಕ್ಕಿತು, ನಿಂತಿತು.

ಟೇಲರ್ ಅಡುಗೆಮನೆಯ ನಡುವೆ ತೊಯ್ದು ತೊಪ್ಪೆಯಾಗಿ ನಿಂತಿದ್ದ. "ನನಗೆ ಒಂದೂ ಅರ್ಥ ಆಗ್ತಿಲ್ಲ ಅಕ್ಕ. ತೂತು ಇಲ್ಲಿ, ನೀರು ಅಮ್ಮನ ರೂಮಿನಲ್ಲಿ. ಇಲ್ಲಿ ಒಣಗಿತ್ತು, ಅಲ್ಲಿ ಒದ್ದೆ. ಸ್ಕ್ರೂ ಪೈಪಿಗೆ ಹೊಕ್ಕಿದ್ರೆ ಅವತ್ತೇ ಚಿಮ್ಮಬೇಕಿತ್ತಲ್ಲ?"

ವ್ಯಾನಕ್ಕ ಮುಂಗೈಯಿಂದ ಮುಖ ಒರೆಸಿಕೊಂಡು ಕೂತಳು. "ನಿಮ್ಮ ಹತ್ರ ಹಳೇ ಕೋಟು ಸಣ್ಣದು ಮಾಡೋಕೆ ಬಂದ್ರೆ ಮೊದಲು ಏನು ಮಾಡ್ತೀರಿ? ಕತ್ತರಿ ಹಾಕ್ತೀರಾ?"

"ಛೆ, ಎಲ್ಲಾದ್ರೂ ಉಂಟೇ? ಒಳಗು ಹೊರಗು ತಿರುಗಿಸಿ ನೋಡ್ತೀನಿ. ಹೊಲಿಗೆ ಎಲ್ಲೆಲ್ಲಿ ಹೋಗಿದೆ, ಜೇಬಿನ ಚೀಲ ಎಲ್ಲಿದೆ ಅಂತ. ಇಲ್ಲದಿದ್ರೆ ತೋಳು ಬಿಚ್ಚೋಕೆ ಹೋಗಿ ಜೇಬು ಕತ್ತರಿಸಿಬಿಡ್ತೀವಿ."

"ಗೋಡೆಗೂ ಒಳಹೊಲಿಗೆ ಇರುತ್ತೆ ಟೇಲರಣ್ಣ. ಪೈಪು, ವೈರು ಎಲ್ಲ ಒಳಗೇ ಓಡಿರುತ್ತೆ. ಈ ಪೈಪು ಮೇಲಿಂದ ಇಳಿದು ನಲ್ಲಿಗೆ ಬಂದಿದೆ. ನೇರಕ್ಕೆ ಇಳಿದಿದೆ. ಪೈಪ್ ಹಾಕಿದವನೂ ನಿಮ್ಮ ಹಾಗೇ ನೇರ ನೋಡಿಯೇ ಹಾಕಿದ್ದಾನೆ. ನೀವು ಸೊಟ್ಟ ಕೈಯವರಾಗಿದ್ದಿದ್ರೆ ಸ್ಕ್ರೂ ಪಕ್ಕಕ್ಕೆ ಹೋಗಿ ಬಚಾವಾಗ್ತಿತ್ತು."

ಟೇಲರನಿಗೆ ಈಗ ಒಂದೊಂದೇ ಗಂಟು ಬಿಚ್ಚಿಕೊಳ್ಳತೊಡಗಿತು. ಸ್ಕ್ರೂ ಪೈಪಿಗೆ ಹೊಕ್ಕು, ತಾನೇ ಬಿರಡೆಯಾಗಿ ಕೂತಿತ್ತು. ಅದಕ್ಕೇ ಅವತ್ತು ನೀರು ಚಿಮ್ಮಲಿಲ್ಲ, ಅದರ ಸುತ್ತಲಿಂದ ಹನಿ ಹನಿಯಾಗಿ ಜಿನುಗಿತು. ಅಡುಗೆಮನೆಯ ಕಡೆ ಟೈಲ್ಸ್ ಇದ್ದದ್ದರಿಂದ ಹೊರಗೆ ಬರಲು ದಾರಿ ಸಿಗದೆ, ಒಳಗೊಳಗೇ ಇಳಿದು, ಬರೀ ಗಾರೆಯಿದ್ದ ಅಮ್ಮನ ಕಡೆ ಹೊರಬಂತು. ಬರುವ ದಾರಿಯಲ್ಲಿ ಸ್ವಿಚ್ಚಿನ ಡಬ್ಬಿಯೊಳಗೂ ಹೊಕ್ಕಿತು.

"ನಾನೇನು ಕಮ್ಮಿ ಅಂದ್ಕೊಂಡ್ರಾ?" ವ್ಯಾನಕ್ಕ ನಕ್ಕಳು. "ಹೊಸದರಲ್ಲಿ ಸ್ವಿಚ್ ಬೋರ್ಡಿನ ನೇರಕ್ಕೆ ಗಡಿಯಾರ ಹಾಕೋಕೆ ಹೋಗಿ ವೈರಿಗೇ ಕೊರೆದಿದ್ದೆ. ಢಂ ಅಂತು, ಮನೆಯೆಲ್ಲ ಕತ್ತಲು. ಕೈಗೇನೂ ಆಗದೆ ಉಳಿದದ್ದು ನನ್ನ ಪುಣ್ಯ."

"ಹಾಗಾದ್ರೆ ನನ್ನ ಮನೇಲಿ ನಾನು ಏನೂ ಮಾಡ್ಕೋಬಾರದಾ? ಇದಕ್ಕೆ ಬಾಡಿಗೆ ಮನೆಯೇ ವಾಸಿ ಇತ್ತಲ್ಲ!" ಟೇಲರ್ ಒದ್ದೆ ಹಲಗೆಯನ್ನು ಮೂಲೆಗೆ ಒರಗಿಸಿಟ್ಟ.

"ಯಾಕೆ ಮಾಡ್ಕೋಬಾರದು? ಬಣ್ಣ ಬಳೀರಿ, ಹಲಗೆ ಹಾಕಿ, ಬಾಗಿಲಿಗೆ ಎಣ್ಣೆ ಬಿಡಿ, ಕಿಟಕಿ ಸಂದಿ ಮುಚ್ಚಿ. ನೋಡ್ಕೊಂಡು ಮಾಡಿ ಅಷ್ಟೆ. ನಲ್ಲಿ ಇರೋ ಕಡೆ, ಸ್ವಿಚ್ ಇರೋ ಕಡೆ, ಅದರ ಮೇಲೆ ಕೆಳಗೆ, ಎಡ ಬಲ ನೇರಕ್ಕೆ ಕೊರೀಬೇಡಿ. ಗೋಡೆ ಒಳಗಿನ ವೈರು, ಪೈಪು ಕೆಟ್ರೆ ಮಾತ್ರ ಅದು ನಿಮ್ಮ ಕೆಲಸಾನೂ ಅಲ್ಲ, ನನ್ನ ಕೆಲಸಾನೂ ಅಲ್ಲ. ಕಲಿತವರನ್ನ ಕರೀಬೇಕು. ನಿಮ್ಮ ಗಿರಾಕಿಯ ಮದುವೆ ಕೋಟು ನಾನು ಹೊಲೀಲಾ ಅಂದ್ರೆ ಒಪ್ತೀರಾ?"

"ಬೇಡ ಅಕ್ಕ!" ಎಂದ ಟೇಲರ್. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಎಲ್ಲರೂ ನಕ್ಕರು.

ಮರುದಿನ ಪ್ಲಂಬರ್ ಬಂದು ಟೈಲ್ಸ್ ಒಡೆದು ಪೈಪಿನ ತುಂಡು ಬದಲಿಸಿದ. ಎಲೆಕ್ಟ್ರಿಷಿಯನ್ ಬಂದು ಒದ್ದೆಯಾದ ಡಬ್ಬಿ, ವೈರು ಹೊಸದು ಹಾಕಿ, ಗೋಡೆ ಒಣಗುವ ತನಕ ಆ ರೂಮಿಗೆ ಕರೆಂಟ್ ಕೊಡದೆ ಬಿಟ್ಟ. ಕರೆಂಟ್ ಸೋರಿದ ಕೂಡಲೇ ತಾನಾಗಿಯೇ ಆಫ್ ಆಗುವ ಒಂದು ಸ್ವಿಚ್ಚನ್ನೂ ಕೂರಿಸಿದ. ಆ ಮನೆಯಲ್ಲಿ ಅಂಥದ್ದು ಇರಲೇ ಇಲ್ಲ. ಗೋಡೆ ಮತ್ತೆ ಮುಚ್ಚುವ ಮುಂಚೆ ಹೆಂಡತಿ ಫೋನಿನಲ್ಲಿ ಒಳಗಿನ ಪೈಪಿನ ಫೋಟೋ ತೆಗೆದಿಟ್ಟಳು. "ಮುಂದೆ ಕೊರೆಯೋಕೆ ಕೈ ತುರಿಸಿದಾಗ ಇದನ್ನ ನೋಡಿ," ಎಂದಳು ಗಂಡನಿಗೆ.

ಟೇಲರ್ ಸುಮ್ಮನೆ ಕೂರಲಿಲ್ಲ. ಸೀಮೆಸುಣ್ಣ ಹಿಡಿದು ಮನೆಯೆಲ್ಲ ಸುತ್ತಿದ. ಪ್ರತಿ ನಲ್ಲಿಯಿಂದ, ಪ್ರತಿ ಸ್ವಿಚ್ಚಿನಿಂದ ಮೇಲಕ್ಕೂ ಪಕ್ಕಕ್ಕೂ ಗೆರೆ ಎಳೆದ. ಕತ್ತರಿಸಲು ಹರಡಿದ ಬಟ್ಟೆಯ ಹಾಗೆ ಮನೆ ಕಂಡಿತು. ಇಷ್ಟು ದಿನ ಹೊರಗಿನಿಂದಷ್ಟೇ ಸವರಿದ್ದ ಗೋಡೆಯ ಒಳಗು ಅವನಿಗೆ ಈಗ ಕಂಡಂತಾಯಿತು. ಹೂವಿನ ತೊಟ್ಟಿ ಮೂಲೆಗೆ ಹೋಯಿತು. ಪರದೆ ಕಿತ್ತು ಬಂತು. ವಾಲ್ವಿಗೆ ಎಣ್ಣೆ ಬಿಟ್ಟು, ಎಲ್ಲರೂ ಒಬ್ಬೊಬ್ಬರಾಗಿ ತಿರುಗಿಸಿ ಕಲಿತರು. ಅಮ್ಮನೂ ಒಂದು ಸಲ ತಿರುಗಿಸಿ, "ಇದೇನು ಮಹಾ," ಎಂದಳು.

ಕೊಕ್ಕೆ ಹಲಗೆ ಗೆರೆಗಳಿಂದ ದೂರ, ನಲ್ಲಿಯಿಂದ ಒಂದು ಗೇಣಿಗೂ ಹೆಚ್ಚು ಪಕ್ಕಕ್ಕೆ, ಗಿಡ್ಡ ಸ್ಕ್ರೂಗಳ ಮೇಲೆ ಕೂತಿತು. ನಡುವಿಗಿಲ್ಲ. ಟೇಲರನ ಕಣ್ಣಿಗೆ ಅದು ದಿನಾ ಕುಕ್ಕುತ್ತದೆ. ಕುಕ್ಕಲಿ ಎಂದು ಬಿಟ್ಟಿದ್ದಾನೆ.

ಗೋಡೆ ಪೂರ್ತಿ ಒಣಗಿ, ಎಲೆಕ್ಟ್ರಿಷಿಯನ್ ಇನ್ನೊಮ್ಮೆ ಬಂದು ಪರೀಕ್ಷಿಸಿ ಸರಿಯಾಗಿದೆ ಎಂದ ದಿನ, ಟೇಲರ್ ಅಡುಗೆಮನೆಯಿಂದ ಆ ಚೊಂಬನ್ನು ತಂದ. ತೊಳೆದು, ನೀರು ತುಂಬಿ, ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟ.

"ಚೆಲ್ತೀನಲ್ಲಪ್ಪ ನಾನು," ಎಂದಳು ಅಮ್ಮ.

"ಚೆಲ್ಲಮ್ಮ, ನಿನ್ನ ಮನೆ," ಎಂದ. ಆಮೇಲೆ ಅವಳ ಕಾಲ ಬಳಿ ಕೂತ. "ನೀನು ಹೇಳ್ದಾಗ್ಲೇ ನಾನು ಕೇಳಬೇಕಿತ್ತು ಕಣಮ್ಮ."

ಅಮ್ಮ ಎದ್ದೇಳಬೇಕೆಂದು ಕೈ ಚಾಚಿದಳು. ಕೈ ಗೋಡೆಯ ಹತ್ತಿರ ಹೋಗಿ ಒಂದು ಕ್ಷಣ ಅಲ್ಲೇ ನಿಂತಿತು. ಅವಳು ಅಂಗೈ ಊರಿದಳು, ಊರಿಕೊಂಡು ಎದ್ದಳು. "ಏನೂ ಅನ್ನಲಿಲ್ಲ," ಎಂದು ನಕ್ಕಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹೊಸದಾಗಿ ಮನೆಯ ಬೀಗದ ಕೈ ಹಿಡಿದವರೇ, ನಿಮ್ಮ ಮನೆಯನ್ನು ನಿಮ್ಮ ಕೈಯಾರೆ ಚೆಂದ ಮಾಡಿಕೊಳ್ಳಿ, ಅದರ ಸುಖವೇ ಬೇರೆ. ಆದರೆ ಡ್ರಿಲ್ ಹಿಡಿಯುವ ಮುಂಚೆ ಒಂದು ಉಪಕಾರ ಮಾಡಿ. ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಎದ್ದು ಹೋಗಿ, ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ, ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ಕಣ್ಣಾರೆ ನೋಡಿ ಬನ್ನಿ. ಅವುಗಳ ಮುಂದೆ ಸಾಮಾನು ಇದ್ದರೆ ಸರಿಸಿ. ಮನೆಯವರಿಗೆಲ್ಲ ತೋರಿಸಿ. ನಲ್ಲಿಯ ನೇರಕ್ಕೂ ಸ್ವಿಚ್ಚಿನ ನೇರಕ್ಕೂ ತೂತು ಕೊರೆಯಬೇಡಿ. ಕಾರಣ ತಿಳಿಯದ ಒದ್ದೆ ಕಂಡರೆ ಬಣ್ಣದಿಂದ ಮುಚ್ಚಬೇಡಿ, ನಲ್ಲಿಗಳನ್ನೆಲ್ಲ ನಿಲ್ಲಿಸಿ ಮೀಟರ್ ನೋಡಿ.

ನಿಮ್ಮ ಮನೆಯಲ್ಲಿ ಯಾರಾದರೂ, ಹಿರಿಯರಿರಲಿ ಮಕ್ಕಳಿರಲಿ, "ಗೋಡೆ ಜುಮ್ ಅನ್ನುತ್ತೆ" ಎಂದರೆ ನಗಬೇಡಿ, ವಯಸ್ಸಿನ ಮೇಲೆ ಹಾಕಬೇಡಿ, ಮುಟ್ಟಿ ನೋಡಲೂ ಹೋಗಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅವರ ಮಾತನ್ನು ನಂಬಿ.